ಊತ ಇಳಿಯಿತೆಂದು ಮಾತ್ರೆ ಬಿಡಬೇಡಿ


ಹೃದಯದ ಬಲ ಕುಗ್ಗಿ ಕಾಲು ಊದಿಕೊಂಡವರಿಗೆ ವೈದ್ಯರು ಫ್ಯೂರೋಸಮೈಡ್ ಮಾತ್ರೆ ಕೊಡುತ್ತಾರೆ. ಮೈಯಲ್ಲಿ ನಿಂತ ನೀರು ಮೂತ್ರವಾಗಿ ಹೋಗಿ ಊತ ಇಳಿಯುತ್ತದೆ, ಉಸಿರು ಹಗುರಾಗುತ್ತದೆ. ಇದೊಂದೇ ಸಾಕೆಂದು ಉಳಿದ ಮಾತ್ರೆಗಳನ್ನು ನಿಲ್ಲಿಸುವವರು ನಮ್ಮ ಗೋರಂಟ್ಲದ ಕಡೆಯೂ ಉಂಟು. ಇದು ತಪ್ಪೆಂಬುದು ನಮ್ಮ ಅಭಿಪ್ರಾಯ.

ಇಂಥ ರೋಗಿಗಳಲ್ಲಿ ಸಾವನ್ನು ತಗ್ಗಿಸುತ್ತವೆಂದು ಪರೀಕ್ಷೆಗಳಲ್ಲಿ ಕಂಡುಬಂದ ಔಷಧಿಗಳು ಬೇರೆ: 1987ರಲ್ಲಿ ಎನಾಲಪ್ರಿಲ್, 1999ರಲ್ಲಿ ಮೆಟೊಪ್ರೊಲಾಲ್ ಮತ್ತು ಸ್ಪೈರೊನೊಲ್ಯಾಕ್ಟೋನ್, 2019ರಲ್ಲಿ ಡಪಾಗ್ಲಿಫ್ಲೋಜಿನ್. ಹಳೆಯ ಡಿಗಾಕ್ಸಿನ್ ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡಿತೇ ಹೊರತು ಸಾವನ್ನು ತಗ್ಗಿಸಲಿಲ್ಲವೆಂದು 1997ರಲ್ಲಿ ತಿಳಿಯಿತು.

ಹೂ ಬಿಡುವಾಗ ಶೇಂಗಾಕ್ಕೆ ಜಿಪ್ಸಂ ಹಾಕುತ್ತೇವೆ. ಎಲೆ ನೋಡಿದರೆ ಅದರ ಗುಣ ತಿಳಿಯದು. ಗಿಡ ಕಿತ್ತಾಗ ಕಾಯಿ ತುಂಬಿರುತ್ತದೆ. ಈ ಮಾತ್ರೆಗಳೂ ಹಾಗೆಯೇ.

ಖರ್ಚಿಗೆ ಹೆದರಬೇಡಿ. 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಡಪಾಗ್ಲಿಫ್ಲೋಜಿನ್ ಬೆಲೆ ಬಹಳ ಇಳಿದಿದೆ. ಪುಟ್ಟಪರ್ತಿಯಲ್ಲಿ 1991ರಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯ ಚಿಕಿತ್ಸೆ ಉಚಿತ.

ಉಪ್ಪಿನಕಾಯಿ ಕಡಿಮೆ ಮಾಡಿ. ಹೊಲದ ದಣಿವಿಗೆಂದು ಡೈಕ್ಲೋಫೆನಾಕ್ ನುಂಗಬೇಡಿ. ನೀರು ಮತ್ತೆ ತುಂಬುತ್ತದೆ. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ಬಿಡಬೇಡಿ.