ಮದರಂಗಿಯಿಂದ ಕಂದು ಕೇಶ: ಹದವರಿತು ಹಚ್ಚಿರಿ



ಲಗ್ನದ ತಿಂಗಳುಗಳು ಸಮೀಪಿಸಿದಂತೆ ಮನೆಮನೆಗಳಲ್ಲಿ ಕೇಳಿಬರುವ ಪ್ರಶ್ನೆಯೊಂದುಂಟು. ನರೆತ ಕೂದಲಿಗೆ ಮದರಂಗಿ ಹಚ್ಚಿದರೆ ಕಿತ್ತಳೆಗೆಂಪು ಬರುತ್ತದೆ. ಅದನ್ನು ಸಹಜವಾದ ಕಂದು ಬಣ್ಣಕ್ಕೆ ತರುವುದು ಹೇಗೆ? ಇದರ ಬೆನ್ನಿಗೇ ಒಂದು ದೂರೂ ಇರುತ್ತದೆ: ಮದರಂಗಿ ಹಚ್ಚತೊಡಗಿದಂದಿನಿಂದ ಕೂದಲು ಒರಟಾಗಿ ತುಂಡಾಗುತ್ತಿದೆ ಎಂದು. ಶುದ್ಧ ಮದರಂಗಿಯ ಮೇಲೆ ಈ ದೂರನ್ನು ಹೊರಿಸುವುದು ಬಹುಮಟ್ಟಿಗೆ ಅನ್ಯಾಯವೇ ಸರಿ. ಕೂದಲು ಮುರಿಯುವುದು ಹೆಚ್ಚಾಗಿ ಅದರೊಡನೆ ಬೆರೆತ ವಸ್ತುಗಳಿಂದ ಮತ್ತು ತೊಳೆಯುವಾಗಿನ ಅವಸರದಿಂದ.

ಗೋರಂಟಿ, ಮೆಹಂದಿ ಎಂದೂ ನಾವು ಕರೆಯುವ ಈ ಗಿಡದ ಎಲೆಯಲ್ಲಿ ಲಾಸೋನ್ ಎಂಬ ವರ್ಣದ್ರವ್ಯವಿದೆ. ಅದು ಕೂದಲಿನ ಕೆರಟಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕೆಂಪು ಬಣ್ಣವನ್ನು ಕೊಡುತ್ತದೆ. ಇರುವ ಬಣ್ಣವನ್ನು ತೆಗೆಯುವ ಶಕ್ತಿ ಅದಕ್ಕಿಲ್ಲ. ಆದುದರಿಂದ ಕಪ್ಪು ಕೂದಲನ್ನು ಮದರಂಗಿಯು ತಿಳಿಗಂದು ಮಾಡಲಾರದು. ಬಿಸಿಲಿನಲ್ಲಿ ಕಾಣುವ ಕೆಂಪು ಛಾಯೆಯಷ್ಟೇ ಅದರ ಕೊಡುಗೆ. ಬಣ್ಣ ಪೂರ್ಣವಾಗಿ ತೋರುವುದು ನರೆಗೂದಲಿನ ಮೇಲೆ.

ಆ ಕೆಂಪನ್ನು ಕಂದಾಗಿಸಲು ಇನ್ನೊಂದು ಎಲೆ ಬೇಕು. ಹಿಂದಿನಿಂದಲೂ ಬಟ್ಟೆಗೆ ಬಣ್ಣ ಹಾಕಲು ಬಳಸುತ್ತ ಬಂದ ನೀಲಿ ಗಿಡದ ಎಲೆಯ ಪುಡಿಯೇ ಅದು. ಕೆಂಪಿನೊಡನೆ ನೀಲಿ ಬೆರೆತಾಗ ಕಂದು ಮೂಡುತ್ತದೆ. ಮದರಂಗಿ ಎರಡು ಪಾಲು, ನೀಲಿ ಒಂದು ಪಾಲಾದರೆ ಕೆಂಗಂದು, ಸಮಪಾಲಾದರೆ ನಡುಗಂದು, ಮದರಂಗಿ ಒಂದು, ನೀಲಿ ಎರಡಾದರೆ ಕಡುಗಂದು. ಭುಜದವರೆಗಿನ ಕೂದಲಿಗೆ ಎರಡೂ ಸೇರಿ 100 ಗ್ರಾಂ, ಉದ್ದ ಜಡೆಗೆ 200 ಗ್ರಾಂ ಅಥವಾ ತುಸು ಹೆಚ್ಚು ಬೇಕಾದೀತು.

ವಿಧಾನ ಹೀಗಿದೆ. ಮದರಂಗಿ ಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಬೆಚ್ಚನೆಯ ನೀರಿನಲ್ಲಿಯೋ ತಣಿದ ಚಹಾ ಕಷಾಯದಲ್ಲಿಯೋ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಗಾಜಿನ ಅಥವಾ ಪಿಂಗಾಣಿಯ ಬೋಗುಣಿಯಲ್ಲಿ ರಾತ್ರಿಯಿಡೀ ಮುಚ್ಚಿಡಿರಿ. ನೀಲಿ ಪುಡಿಯನ್ನು ಮಾತ್ರ ಹಿಂದಿನ ದಿನ ಕಲಸಬಾರದು; ಅದರ ಬಣ್ಣ ಬೇಗನೆ ಕಳೆದುಹೋಗುತ್ತದೆ. ಹಚ್ಚುವುದಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಅದನ್ನು ಬೆಚ್ಚನೆಯ ನೀರಿನಲ್ಲಿ ಬೇರೆಯಾಗಿ ಕಲಸಿ, ಅನಂತರ ಮದರಂಗಿಗೆ ಕೂಡಿಸಿರಿ. ಜಿಡ್ಡಿಲ್ಲದ, ಸಿಕ್ಕು ಬಿಡಿಸಿದ ಕೂದಲಿಗೆ ಬುಡದಿಂದ ಹಚ್ಚಿ, ಒಣಗದಂತೆ ಮೇಲೊಂದು ಹೊದಿಕೆ ಕಟ್ಟಿ, ಎರಡರಿಂದ ಮೂರು ಗಂಟೆ ಬಿಡಿರಿ. ಮೊದಲ ದಿನ ಬಣ್ಣ ವಿಚಿತ್ರವಾಗಿ ಕಂಡರೆ ಗಾಬರಿ ಬೇಡ. ಗಾಳಿಯ ಸಂಪರ್ಕದಿಂದ ಎರಡು ಮೂರು ದಿನಗಳಲ್ಲಿ ಅದು ಕಂದಾಗಿ ನೆಲೆಗೊಳ್ಳುತ್ತದೆ. ಬಾಚಣಿಗೆಯಲ್ಲಿ ಉಳಿದ ನರೆಗೂದಲುಗಳನ್ನು ಕೂಡಿಟ್ಟು ಮೊದಲು ಅವುಗಳ ಮೇಲೆ ಪರೀಕ್ಷಿಸಿದರೆ ನಿಮಗೆ ಬೇಕಾದ ಅಳತೆ ಸಿಕ್ಕೀತು.

ಇನ್ನು ಕೂದಲು ಮುರಿಯುವ ಮಾತು. ಬಿದ್ದ ಕೂದಲಿನ ತುದಿಗಳನ್ನು ಬೆಳಕಿಗೆ ಹಿಡಿದು ನೋಡಿರಿ. ಒಂದು ತುದಿಯಲ್ಲಿ ಬಿಳಿಯ ಚಿಕ್ಕ ಗಡ್ಡೆಯಿದ್ದರೆ ಅದು ಬುಡದಿಂದ ಉದುರಿದ ಕೂದಲು. ಅಂಥ ಉದುರುವಿಕೆ ಹೆಚ್ಚಾದರೆ ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಾಣಂತಿತನ ಮೊದಲಾದ ಕಾರಣಗಳಿರಬಹುದು, ವೈದ್ಯರನ್ನು ಕಾಣಬೇಕು. ಗಡ್ಡೆಯಿಲ್ಲದ ತುಂಡಾದರೆ ಅದು ನಡುವೆ ಮುರಿದದ್ದು, ಅದಕ್ಕೆ ನಮ್ಮ ಕೈಯ ಉಪಚಾರವೇ ಕಾರಣವಾಗಿರಬಹುದು.

ಮದರಂಗಿ ತಲೆಯ ಮೇಲೆ ಒಣಗಿ ಗಟ್ಟಿಯಾಗಲು ಬಿಟ್ಟು, ಬಳಿಕ ಬಾಚಣಿಗೆಯಿಂದ ಎಳೆಯುವವರುಂಟು. ಅದರ ಬದಲು ಅಗಲವಾದ ಪಾತ್ರೆಯ ನೀರಿನಲ್ಲಿ ಕೂದಲನ್ನು ಇಳಿಬಿಟ್ಟು ಮೆಲ್ಲಗೆ ಬಿಡಿಸಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಒದ್ದೆಗೂದಲು ಬಲಹೀನವಾಗಿರುತ್ತದೆ, ಆಗ ಬಾಚುವುದು, ಬಿಗಿಯಾಗಿ ಗಂಟು ಹಾಕುವುದು, ಟವೆಲ್ಲಿನಿಂದ ಉಜ್ಜುವುದು ಸಲ್ಲದು. ಅಂದು ಶೀಗೆಕಾಯಿ, ಶಾಂಪೂ ಬೇಡ. ಮರುದಿನ ಕೊಬ್ಬರಿ ಎಣ್ಣೆ ಹಚ್ಚಿದರೆ ಒರಟುತನ ತಗ್ಗುತ್ತದೆ. ನಿಂಬೆರಸವನ್ನು ಧಾರಾಳವಾಗಿ ಹಿಂಡುವುದೂ ಕೂದಲನ್ನು ಒಣಗಿಸುತ್ತದೆ. ಕೆಲವು ಪುಸ್ತಕಗಳು ಮೊಟ್ಟೆ ಬೆರೆಸಲು ಹೇಳುತ್ತವೆ. ನಮ್ಮ ಮನೆಗಳಿಗೆ ಅದರ ಅಗತ್ಯವಿಲ್ಲ. ನೆನೆಸಿ ರುಬ್ಬಿದ ಮೆಂತ್ಯವನ್ನಾಗಲಿ ದಾಸವಾಳದ ಎಲೆಯ ಲೋಳೆಯನ್ನಾಗಲಿ ಬಣ್ಣ ಹಾಕಿದ ಮೂರು ನಾಲ್ಕು ದಿನಗಳ ಬಳಿಕ ಹಚ್ಚಿದರೆ ಕೂದಲು ನಯವಾಗುತ್ತದೆ. ಪ್ರತಿ ಸಲವೂ ತುದಿಯವರೆಗೆ ಹಚ್ಚಬೇಡಿರಿ. ತಿಂಗಳಿಗೊಮ್ಮೆ ಹೊಸದಾಗಿ ಬೆಳೆದ ಬುಡಕ್ಕೆ ಹಚ್ಚಿದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಅರ್ಧ ಗಂಟೆಯಲ್ಲಿ ಕಪ್ಪು ಅಥವಾ ಕಂದು ಬಣ್ಣ ಕೊಡುವುದೆಂದು ಹೇಳುವ 'ಕಪ್ಪು ಮೆಹಂದಿ' ಬರಿಯ ಎಲೆಯ ಪುಡಿಯಲ್ಲ. ಅನೇಕ ಇಂಥ ಪೊಟ್ಟಣಗಳಲ್ಲಿ ಪಿಪಿಡಿ ಎಂದು ಸಂಕ್ಷೇಪಿಸಿ ಕರೆಯುವ ಪ್ಯಾರಾಫಿನಿಲೀನ್ ಡಯಾಮೀನ್ ಎಂಬ ರಾಸಾಯನಿಕವಿರುತ್ತದೆ. ಅದು ಒಗ್ಗದವರಿಗೆ ನೆತ್ತಿ ಉರಿದು, ಕಣ್ಣು ಮುಖಗಳು ಬಾತು, ಕೆಲವೊಮ್ಮೆ ಉಸಿರಾಟಕ್ಕೂ ತೊಂದರೆಯಾಗುತ್ತದೆ. ಒಮ್ಮೆ ಅಂಟಿದ ಈ ಅಲರ್ಜಿ ಜೀವನಪರ್ಯಂತ ಉಳಿಯಬಹುದು. ಇನ್ನು ಕೆಲವು ಮಿಶ್ರ ಪುಡಿಗಳಲ್ಲಿ ಲೋಹದ ಲವಣಗಳಿರುತ್ತವೆ. ಅವುಗಳ ಮೇಲೆ ಬ್ಲೀಚ್ ಅಥವಾ ಪೆರಾಕ್ಸೈಡ್ ಇರುವ ಡೈ ಹಾಕಿದರೆ ಕೂದಲು ಬಿಸಿಯೇರಿ ತುಂಡುತುಂಡಾಗುತ್ತದೆ. ಆದ್ದರಿಂದ ಪೊಟ್ಟಣದ ಹಿಂಬದಿಯನ್ನು ಓದಿರಿ. ಒಳಗೇನಿದೆ ಎಂದು ಬರೆಯದ ಪುಡಿಯನ್ನು ಕೊಳ್ಳಬೇಡಿರಿ. ಶುದ್ಧ ಎಲೆಯ ಪುಡಿಯೇ ಆದರೂ ಮೊದಲ ಸಲ ಮೊಣಕೈಯ ಒಳಮಗ್ಗುಲಿಗೆ ತುಸು ಹಚ್ಚಿ ಎರಡು ದಿನ ನೋಡಿರಿ. ಲಗ್ನದ ಹಿಂದಿನ ದಿನ ಹೊಸದೊಂದನ್ನು ಪ್ರಯೋಗಿಸುವ ಸಾಹಸ ಬೇಡ. ಹಸುಗೂಸುಗಳಿಗಂತೂ ಮದರಂಗಿ ಹಚ್ಚಲೇಬಾರದು. ಹುಟ್ಟಿನಿಂದ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯುಳ್ಳ ಮಕ್ಕಳಲ್ಲಿ ಅದು ರಕ್ತಕಣಗಳನ್ನು ಒಡೆಯಬಲ್ಲದು.

ಕೆನ್ನೆಯ ಬಳಿ ನರೆ ಮೂಡುವ ಮುನ್ನವೇ ದೇವನನ್ನು ಪೂಜಿಸೆಂದು ಬಸವಣ್ಣನವರು ತಮ್ಮದೊಂದು ವಚನದಲ್ಲಿ ಎಚ್ಚರಿಸಿದ್ದಾರೆ. ಅವರಿಗೆ ನರೆಯು ನಾಚಿಕೆಯ ವಿಷಯವಾಗಿರಲಿಲ್ಲ, ಕಾಲದ ಕರೆಯಾಗಿತ್ತು. ಬಣ್ಣ ಹಾಕಿಕೊಳ್ಳುವುದು, ಬಿಡುವುದು ಅವರವರ ಇಚ್ಛೆ. ಹಾಕಿಕೊಳ್ಳುವುದಾದರೆ ದೇಹಕ್ಕೆ ಕೇಡಾಗದಂತೆ ಹಾಕಿಕೊಳ್ಳೋಣ. ನರೆತ ತಲೆಯಲ್ಲಿಯೇ ಸಮಾರಂಭಕ್ಕೆ ಬಂದ ಅತ್ತೆ, ಅವ್ವಂದಿರನ್ನೂ ಅಷ್ಟೇ ಆದರದಿಂದ ಮುಂದಿನ ಸಾಲಿನಲ್ಲಿ ಕೂರಿಸೋಣ.