ಸೂರ್ಯಾಸ್ತಕ್ಕೆ ಬೆನ್ನು ಹಾಕಿ

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಹುಡುಗರ ಕೈಗೆ ಕ್ಯಾಮೆರಾ ಸಿಕ್ಕರೆ ಮೊದಲು ತೆಗೆಯುವ ಚಿತ್ರ ಯಾವುದು? ಮುಳುಗುವ ಸೂರ್ಯ! ಅದರಲ್ಲಿ ಅವರ ತಪ್ಪೇನೂ ಇಲ್ಲ. ಮೂಡಣಕ್ಕೆ ಘಟ್ಟ, ಪಡುವಣಕ್ಕೆ ಕಡಲು. ಬೆಳಗಿನ ಸೂರ್ಯ ಘಟ್ಟ ಹತ್ತಿ ಬರುವಷ್ಟರಲ್ಲಿ ಬಿಸಿಲು ಬಿಳಿಚಿಕೊಂಡಿರುತ್ತದೆ. ಸಂಜೆಯ ಸೂರ್ಯನಾದರೋ ನೇರ ನೀರಿಗೇ ಇಳಿಯುತ್ತಾನೆ. ಆದರೆ ಮುರುಡೇಶ್ವರದ ಸೂರ್ಯಾಸ್ತಕ್ಕೂ ಗೋಕರ್ಣದ ಸೂರ್ಯಾಸ್ತಕ್ಕೂ ಚಿತ್ರದಲ್ಲಿ ವ್ಯತ್ಯಾಸವೇ ಕಾಣದು. ಅದೇ ಹೊತ್ತಿಗೆ ಸೂರ್ಯನಿಗೆ ಬೆನ್ನು ಹಾಕಿ ನಿಂತವರಿಗೆ ಕೆಂಬೆಳಕು ಮೆತ್ತಿದ ದೋಣಿ, ಒಣಹಾಕಿದ ಬಲೆ, ತೆಂಗಿನ ಸಾಲು, ಅದರಾಚೆ ನೀಲಿ ಘಟ್ಟ ಸಿಗುತ್ತವೆ.

ಯಾಣಕ್ಕೆ ಹೋದವರಿಗೆ ಇನ್ನೊಂದು ನಿರಾಸೆ. ಕಣ್ಣಿಗೆ ಕಪ್ಪಗೆ ಕಂಡ ಭೈರವೇಶ್ವರ ಶಿಖರ ಚಿತ್ರದಲ್ಲಿ ಬೂದು, ಆಕಾಶ ಬರೀ ಬಿಳಿ. ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಎದುರಿನದು ಕರಿಬಂಡೆ ಎಂದು ಗೊತ್ತಿಲ್ಲ. ಎಲ್ಲವನ್ನೂ ನಡುಬಣ್ಣಕ್ಕೆ ತರುವುದೇ ಅದರ ಕೆಲಸ. ಬೆಳಕನ್ನು ಒಂದೆರಡು ಹಂತ ಇಳಿಸಬೇಕು. ಅಮೆರಿಕದ ಆನ್ಸೆಲ್ ಆಡಮ್ಸ್ 1927ರಲ್ಲಿ ಹಾಫ್ ಡೋಮ್ ಎಂಬ ಬೃಹತ್ ಬಂಡೆಯ ಮುಂದೆ ನಿಂತಾಗ ಅವರ ಬಳಿ ಉಳಿದಿದ್ದುದು ಎರಡೇ ಪ್ಲೇಟು. ಒಂದನ್ನು ಹಳದಿ ಫಿಲ್ಟರಿನಲ್ಲಿ ತೆಗೆದರು. ಕೊನೆಯದಕ್ಕೆ ಕೆಂಪು ಫಿಲ್ಟರ್ ಹಾಕಿದರು. ಆಕಾಶ ಕಪ್ಪಾಯಿತು, ಬಂಡೆ ಎದ್ದು ನಿಂತಿತು. ಕಂಡದ್ದಕ್ಕಿಂತ ಅನಿಸಿದ್ದನ್ನು ಮೂಡಿಸುವ ದಾರಿ ಅದು.

ಆಡಮ್ಸ್ ಚಿತ್ರಗಳಲ್ಲಿ ಮನುಷ್ಯನ ಸುಳಿವು ತೀರ ಅಪರೂಪ. 1975ರಲ್ಲಿ ರಾಚೆಸ್ಟರ್ ನಗರದಲ್ಲಿ ನಡೆದ 'ನ್ಯೂ ಟೋಪೊಗ್ರಾಫಿಕ್ಸ್' ಪ್ರದರ್ಶನ ಇದಕ್ಕೆ ತಿರುಗಿ ನಿಂತಿತು. ಅಲ್ಲಿದ್ದುದು ಬಡಾವಣೆ, ಗೋದಾಮು, ರಸ್ತೆ. ಚಂದವಿಲ್ಲದ ಚಿತ್ರಗಳು ಎಂದು ಆಗ ಮೂಗು ಮುರಿದವರೂ ಇದ್ದರು. ಆ ಕಣ್ಣಿನಿಂದ ನೋಡಿದರೆ ಹೊನ್ನಾವರದಲ್ಲಿ ಶರಾವತಿಯನ್ನು ದಾಟುವ, ಸುಮಾರು 2 ಕಿ.ಮೀ. ಉದ್ದದ ಕೊಂಕಣ ರೈಲ್ವೆ ಸೇತುವೆಯೂ ನಿಸರ್ಗಚಿತ್ರದೊಳಗಿನದೇ. ಹೆದ್ದಾರಿಗಾಗಿ ಕಡಿದ ಗುಡ್ಡದ ಕೆಂಪು ಮಣ್ಣೂ ಅಷ್ಟೇ. 2024ರ ಜುಲೈ 16ರಂದು ನೆರೆಯ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ನಮ್ಮೂರಿನ ಗುಡ್ಡ ಕಡಿಯುವ ಮೊದಲು ಹೇಗಿತ್ತು ಎಂದು ತೋರಿಸುವ ಒಂದು ಚಿತ್ರ ಎಷ್ಟು ಮನೆಗಳಲ್ಲಿದೆ?

ಕೆನಡಾದ ಎಡ್ವರ್ಡ್ ಬರ್ಟಿನ್ಸ್ಕಿ 2016ರಲ್ಲಿ ಗುಜರಾತಿನ ಕಛ್ ರಣದ ಉಪ್ಪಿನ ಗದ್ದೆಗಳನ್ನು ಆಕಾಶದಿಂದ ಸೆರೆಹಿಡಿದರು. ನೋಡಿದವರಿಗೆ ಅದು ಚಿತ್ರಕಾರನ ಕ್ಯಾನ್ವಾಸ್! ಅಂಥದ್ದಕ್ಕೆ ವಿಮಾನವೇ ಬೇಕೆಂದಿಲ್ಲ. ಸಾಣಿಕಟ್ಟಾದ ಉಪ್ಪಿನಾಗರದ ಕಟ್ಟೆಯ ಮೇಲೆ ಬೇಸಿಗೆಯಲ್ಲಿ ನಿಂತರೆ ಚೌಕ ಚೌಕವಾಗಿ ಆಕಾಶವೇ ನೆಲಕ್ಕಿಳಿದಿರುತ್ತದೆ. ಆದರೆ ಉರಿಬಿಸಿಲಲ್ಲಿ ಉಪ್ಪು ಎಳೆಯುವವರನ್ನು ಬರೀ ಚುಕ್ಕೆಯಾಗಿಸುವುದು ಸರಿಯೇ ಎಂಬ ಪ್ರಶ್ನೆಯೂ ಜೊತೆಗೇ ಏಳಬೇಕು.

ಮಕ್ಕಳು ಮೊಬೈಲು ಹಿಡಿದು ಹೊತ್ತು ಕಳೆಯುತ್ತಾರೆಂದು ಗೊಣಗುವ ಹೆತ್ತವರು ಒಂದು ಕೆಲಸ ಹಚ್ಚಬಹುದು. ಅಮೆರಿಕದಲ್ಲಿ ಮಾರ್ಕ್ ಕ್ಲೆಟ್ ಮತ್ತು ಸಂಗಡಿಗರು 1977ರಿಂದ 19ನೆಯ ಶತಮಾನದ ಸರ್ವೆ ಚಿತ್ರಗಳನ್ನು ಹಿಡಿದು, ಅದೇ ಜಾಗ ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಇಲ್ಲಿ ಅಘನಾಶಿನಿಯ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು. ಈ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಕಗ್ಗ ಬೆಳೆಯುವವರು ಮಾತ್ರ ಕಡಿಮೆಯಾಗುತ್ತ ಬಂದಿದ್ದಾರೆ. ಕಟ್ಟೆಯ ಮೇಲೆ ಒಂದು ಕಲ್ಲು ಗುರುತು ಮಾಡಿ, ತಿಂಗಳಿಗೊಮ್ಮೆ ಅಲ್ಲೇ ನಿಂತು ಒಂದೇ ಚಿತ್ರ. ಹಿಂದೆ ದಿನಾಂಕ, ಉಬ್ಬರವೋ ಇಳಿತವೋ ಎಂಬುದನ್ನು ಬರೆದಿಡಬೇಕು. ಆಗಸ್ಟಿನ ಹಸಿರನ್ನೂ ಜನವರಿಯ ನೀರನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ, ಅದು ಯಾರ ಗದ್ದೆ, ಈಗ ಬಿತ್ತುವವರಿದ್ದಾರೆಯೇ ಎಂದು ಅಜ್ಜನೇ ಮಾತು ತೆಗೆಯುತ್ತಾನೆ.