ಮೊಡವೆಯ ವಯಸ್ಸು ದಾಟಿದ ಮೇಲೆ

ಮೊಡವೆ ಹೆಚ್ಚಾಗಿ ಹರೆಯದವರ ಪಾಲಿನ ತೊಂದರೆ. ನಲವತ್ತರ ಆಸುಪಾಸಿನಲ್ಲಿ ಕೆನ್ನೆ, ಮೂಗು, ಗದ್ದದ ಮೇಲೆ ಅಂಥವೇ ಗುಳ್ಳೆಗಳೆದ್ದು, ಒಲೆಯ ಮುಂದೆ ನಿಂತರೆ ಅಥವಾ ಬಿಸಿಲಿಗೆ ಹೋಗಿ ಬಂದರೆ ಮುಖ ಧಗಧಗ ಉರಿಯುವಂತಿದ್ದರೆ ಅದು ಮೊಡವೆಯಲ್ಲದಿರಬಹುದು. ಚರ್ಮವೈದ್ಯರು ಇದನ್ನು ರೊಸೇಶಿಯ ಎನ್ನುತ್ತಾರೆ.

ಬಹುಕಾಲ ಇದು ಬಿಳಿಯರ ಕಾಯಿಲೆ ಎಂದೇ ಎಣಿಕೆಯಾಗಿತ್ತು. ಅವರ ಮುಖದಲ್ಲಿ ಕೆಂಪು ಎದ್ದು ಕಾಣುತ್ತದೆ. ನಮ್ಮ ಕಂದು ಚರ್ಮದಲ್ಲಿ ಮರೆಯಾಗಿಬಿಡುತ್ತದೆ. ಉಳಿಯುವುದು ಗುಳ್ಳೆ ಮತ್ತು ಉರಿ. ಪಿತ್ತ, ಉಷ್ಣ, ಮುಟ್ಟು ನಿಲ್ಲುವ ಕಾಲದ ತೊಂದರೆ ಎಂದುಕೊಳ್ಳುತ್ತಲೇ ವರ್ಷಗಳು ಕಳೆಯುತ್ತವೆ. ಗುರುತಿಗೆ ಒಂದು ಸುಳಿವು: ಮೊಡವೆಯ ಜೊತೆಗಿರುವ ಬ್ಲ್ಯಾಕ್‌ಹೆಡ್‌ಗಳು ಇಲ್ಲಿರುವುದಿಲ್ಲ. ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುತ್ತಿದ್ದರೆ ಕಣ್ಣಿನ ವೈದ್ಯರಿಗೂ ತೋರಿಸಬೇಕು. ರೊಸೇಶಿಯ ಕಣ್ಣನ್ನೂ ಬಿಡುವುದಿಲ್ಲ.

ನಿಜವಾದ ಅನಾಹುತ ನಡೆಯುವುದು ಔಷಧಿ ಅಂಗಡಿಯಲ್ಲಿ. "ಮುಖಕ್ಕೆ ಏನಾದರೂ ಕೊಡಿ" ಎಂದವರ ಕೈಗೆ ಬೀಟಾಮೆಥಸೋನ್, ಕ್ಲೋಬೆಟಸಾಲ್ ಅಥವಾ ಮೊಮೆಟಸೋನ್ ಇರುವ ಟ್ಯೂಬು ಬರುತ್ತದೆ. ಇವೆಲ್ಲ ಸ್ಟಿರಾಯ್ಡ್‌ಗಳು. ನಾಲ್ಕು ದಿನದಲ್ಲಿ ಮುಖ ತಣ್ಣಗಾಗುತ್ತದೆ, ಬಣ್ಣವೂ ತಿಳಿಯಾಗುತ್ತದೆ. ಟ್ಯೂಬಿನ ಹೆಸರು ಪಕ್ಕದ ಮನೆಗೂ ಹೋಗುತ್ತದೆ. ತಿಂಗಳುಗಳು ಉರುಳಿದಂತೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳದ ಎಳೆಗಳು ಮೇಲೆ ಕಾಣತೊಡಗುತ್ತವೆ. ಹಚ್ಚುವುದನ್ನು ನಿಲ್ಲಿಸಿದರೆ ಮುಖ ಬೆಂದಂತಾಗಿ, ತಾಳಲಾರದೆ ಮತ್ತೆ ಅದನ್ನೇ ಹಚ್ಚುವ ಪಾಡು. ರೊಸೇಶಿಯ ಇಲ್ಲದವರಿಗೂ ಅದರಂಥದೇ ಕಾಯಿಲೆಯನ್ನು ಈ ಕ್ರೀಮುಗಳು ತಂದೊಡ್ಡಬಲ್ಲವು. 2011ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ, ಮುಖದ ಚರ್ಮದ ತೊಂದರೆಗಾಗಿ ಬಂದ 2,926 ಮಂದಿಯ ಪೈಕಿ 433 ಮಂದಿ ಸ್ಟಿರಾಯ್ಡ್ ಹಚ್ಚುತ್ತಿದ್ದರು. ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. ಚೀಟಿ ಕೇಳುವ ಅಂಗಡಿಗಳೆಷ್ಟು ಎಂಬುದು ಬೇರೆ ಮಾತು. ಈಗಾಗಲೇ ಹಚ್ಚುತ್ತಿರುವವರು ಟ್ಯೂಬು ಸಮೇತ ಚರ್ಮವೈದ್ಯರ ಬಳಿ ಹೋಗುವುದು ಲೇಸು. ಬಿಡಿಸುವ ಕ್ರಮವನ್ನು ಅವರೇ ಹೇಳುತ್ತಾರೆ; ಮೊದಲ ಕೆಲವು ವಾರ ಉರಿ ಹೆಚ್ಚಬಹುದು, ಹೆದರಬೇಕಿಲ್ಲ.

ರೊಸೇಶಿಯವನ್ನು ಬೇರುಸಹಿತ ಕಿತ್ತುಹಾಕುವ ಮದ್ದಿಲ್ಲ, ಹತೋಟಿಯಲ್ಲಿಡುವ ಮದ್ದುಗಳಿವೆ. ಹಚ್ಚಲು ಮೆಟ್ರೊನಿಡಜೋಲ್, ಅಜಿಲೇಯಿಕ್ ಆಮ್ಲ, ಐವರ್‌ಮೆಕ್ಟಿನ್. ಗುಳ್ಳೆ ಹೆಚ್ಚಿದ್ದರೆ ನುಂಗಲು ಡಾಕ್ಸಿಸೈಕ್ಲಿನ್. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಫಲ ಕಾಣಲು ಕೆಲವು ವಾರಗಳಾದರೂ ಬೇಕು. ಕೆಲವು ಗಂಡಸರಲ್ಲಿ ಮೂಗು ದಪ್ಪಗಾಗಿ ಗಂಟುಗಟ್ಟುತ್ತದೆ. ಅದನ್ನು ಕುಡುಕನ ಮೂಗೆಂದು ಆಡಿಕೊಳ್ಳುವುದು ಅನ್ಯಾಯ, ಒಂದು ತೊಟ್ಟೂ ಮುಟ್ಟದವರಿಗೂ ಅದು ಬರುತ್ತದೆ.

ಮುಖಕ್ಕೆ ನಿಂಬೆರಸ, ಹಬೆ, ಬ್ಲೀಚು, ಒರಟಾದ ಉಜ್ಜುವಿಕೆ ಯಾವುದೂ ಬೇಡ. ಬಿಸಿಲಿಗೆ ಹೊರಟರೆ ಕೊಡೆಯಿರಲಿ, ಸನ್‌ಸ್ಕ್ರೀನ್ ಇರಲಿ. ಖಾರ ಎಲ್ಲರಿಗೂ ಆಗುವುದಿಲ್ಲವೆಂದೇನಿಲ್ಲ; ಏನು ತಿಂದಾಗ ಉರಿ ಏರಿತೆಂದು ಒಂದೆರಡು ತಿಂಗಳು ಬರೆದಿಟ್ಟರೆ ತಮ್ಮ ಶತ್ರು ಯಾವುದೆಂದು ಗೊತ್ತಾಗುತ್ತದೆ. ಇನ್ನು ಕಾಫಿ. ಇಲ್ಲಿ ಮುಖ ಕೆಂಪೇರಿಸುವುದು ಕೆಫೀನಲ್ಲ, ಬಿಸಿ ಎಂದು 1981ರಷ್ಟು ಹಿಂದೆಯೇ ಪರೀಕ್ಷಿಸಿ ನೋಡಿದ್ದಾರೆ. ಬರೀ ಬಿಸಿನೀರೂ ಅದೇ ಕೆಲಸ ಮಾಡಿತ್ತು. ಕಾಫಿಯಿಲ್ಲದೆ ಬೆಳಗಾಗದವರು ಅದನ್ನು ಬಿಡಬೇಕಿಲ್ಲ. ಲೋಟದಿಂದ ಬಟ್ಟಲಿಗೆ ನಾಲ್ಕು ಸಲ ಎತ್ತಿ ಹೊಯ್ದು, ಆರಿಸಿ ಕುಡಿದರಾಯಿತು.